ಅಂಟೋದಲ್ಲ ಕಣಪ್ಪ

ಈ ಭಾನುವಾರ ಗೌರಿಬಿದನೂರಿನ ಕಟಿಂಗ್ ಶಾಪೊಂದರಲ್ಲಿ ಐವತ್ತು ದಾಟಿದವರೊಬ್ಬರು ಕುರ್ಚಿಯಲ್ಲಿ ಕೂತು ಟೋಪಿ ತೆಗೆದರು. ಹುಡುಗ ಬಾಚಣಿಗೆ ಆಡಿಸಿದ್ದೇ ತಡ, ಹೊದಿಸಿದ್ದ ಕಪ್ಪು ಬಟ್ಟೆಯ ಮೇಲೆ ಬಿಳಿ ಹೊಟ್ಟು ಉದುರಿತು.

"ಅಣ್ಣ, ಬೇಜಾರ್ ಮಾಡ್ಕಬೇಡಿ, ಬೇರೆ ಕಡೆ ನೋಡ್ಕಳಿ. ಕತ್ತರಿಗೆ ಅಂಟ್ಕಂಡ್ರೆ ಕಷ್ಟ."

"ಅಂಟೋದಲ್ಲ ಕಣಪ್ಪ" ಅಂದರು. ಅಷ್ಟೇ. ಟೋಪಿ ಹಾಕಿಕೊಂಡು ಎದ್ದರು. ಇನ್ನೆಷ್ಟು ಅಂಗಡಿಗಳಲ್ಲಿ ಹೇಳಿ ಸಾಕಾಗಿತ್ತೋ.

ಹುಡುಗ ಕೆಟ್ಟವನಲ್ಲ, ಅವನ ಭಯ ತಪ್ಪು ತಲೆಯ ಮೇಲಿತ್ತು. ಹೊಟ್ಟು ಕೂದಲ ಗಡಿ ದಾಟಿ ಹಣೆಗೆ, ಕಿವಿ ಹಿಂದಕ್ಕೆ ಇಳಿದಿತ್ತು; ಮೊಣಕೈಯಲ್ಲೂ ಅದೇ ಬೆಳ್ಳಿ ಬಣ್ಣದ ದಪ್ಪ ಪದರ. ಇದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ. ಬರೀ ತಲೆಹೊಟ್ಟಾದರೆ ಹಳದಿಯಾಗಿ, ಜಿಡ್ಡಾಗಿರುವುದೇ ಹೆಚ್ಚು. ಚರ್ಮದ ಕಣ ಹುಟ್ಟಿ ಮೇಲೆ ಬರಲು ಸುಮಾರು 28 ದಿನ ಬೇಕು. ಸೋರಿಯಾಸಿಸ್‌ನಲ್ಲಿ 3ರಿಂದ 5 ದಿನ ಸಾಕು. ಹಳೆಯದು ಉದುರುವ ಮೊದಲೇ ಹೊಸದು ಬಂದು ಪೇರಿಕೊಳ್ಳುತ್ತದೆ. ಅಂಟೋದಕ್ಕೆ ಅಲ್ಲಿ ಕ್ರಿಮಿಯೇ ಇಲ್ಲ.

ನಿಜ ಹೇಳಬೇಕೆಂದರೆ ಅಪಾಯವಿದ್ದದ್ದು ಅವರಿಗೆ. ಈ ಚರ್ಮಕ್ಕೆ ಗೀರು ಬಿದ್ದರೆ ಹತ್ತಿಪ್ಪತ್ತು ದಿನದಲ್ಲಿ ಅದೇ ಗೀರಿನ ಗುಂಟ ಹೊಸ ಪಟ್ಟೆ ಏಳಬಹುದು. ಆದ್ದರಿಂದ ರೇಜರ್ ಬೇಡ, ಜೀರೋ ಮಷೀನ್ ಬೇಡ. ಕತ್ತರಿ ಸಾಕು, ಬಾಚಣಿಗೆಯ ಹಲ್ಲು ಚರ್ಮಕ್ಕೆ ನಾಟದ ಹಾಗೆ ಮಲಗಿಸಿ ಆಡಿಸಬೇಕು. ಉಗುರಿನಿಂದ ಕಿತ್ತರೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಕಾಣುತ್ತವೆ.

ಹೊಟ್ಟನ್ನು ಮೆತ್ತಗೆ ಮಾಡಿ ತೆಗೆಯಬೇಕು. ರಾತ್ರಿ ಬೆಚ್ಚಗಿನ ಕೊಬ್ಬರಿ ಎಣ್ಣೆ ಹಚ್ಚಿ ಹಳೇ ಬಟ್ಟೆ ಸುತ್ತಿ ಮಲಗುವುದು. ತೀರಾ ಗಟ್ಟಿಯಿದ್ದರೆ ಡಾಕ್ಟರು ಸ್ಯಾಲಿಸಿಲಿಕ್ ಆಸಿಡ್ ಇರುವ ಲೋಷನ್ ಬರೆಯುತ್ತಾರೆ. ಬೆಳಿಗ್ಗೆ ಟಾರ್ (ಕಲ್ಲಿದ್ದಲಿನಿಂದ ತೆಗೆದ ಔಷಧಿ) ಇರುವ ಶಾಂಪೂ ಹಾಕಿ ಐದರಿಂದ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಹಾಕಿದ ತಕ್ಷಣ ತೊಳೆದರೆ ದುಡ್ಡು ದಂಡ. ಸ್ಟಿರಾಯ್ಡ್ ಲೋಷನ್ನನ್ನು ಬಹಳ ಜನ ಕೂದಲಿಗೆ ಹಚ್ಚುತ್ತಾರೆ. ಬೈತಲೆ ಬಿಡಿಸಿ ಚರ್ಮಕ್ಕೆ ಹಚ್ಚಬೇಕು. ಕ್ಲೊಬೆಟಾಸಾಲ್‌ನಂಥ ಜೋರು ಸ್ಟಿರಾಯ್ಡ್ ಎರಡರಿಂದ ನಾಲ್ಕು ವಾರದ ಮೇಲೆ ಒಂದೇ ಸಮ ಬೇಡ. ಯಾರೋ ಕೊಟ್ಟ ಸ್ಟಿರಾಯ್ಡ್ ಮಾತ್ರೆ, ಇಂಜೆಕ್ಷನ್‌ಗೆ ಮೈ ಥಟ್ಟನೆ ತಿಳಿಯಾಗುತ್ತದೆ, ಬಿಟ್ಟಾಗ ಮೈತುಂಬ ಕೀವಿನ ಗುಳ್ಳೆ ಏಳಬಹುದು.

ಮೈ ಪೊರೆ ಬಿಟ್ಟ ಹಾಗಾದರೆ ಸರ್ಪದೋಷ ಅನ್ನುವವರಿದ್ದಾರೆ. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬರಲಿ, ನನ್ನ ತಕರಾರಿಲ್ಲ. ಡಾಕ್ಟರು ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದಿದ್ದರೆ ಮಾತ್ರ ನೆನಪಿರಲಿ: ಅದು ವಾರಕ್ಕೊಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು.

ಅಂಟುವ ತಲೆ ಬೇರೆ ಇರುತ್ತದೆ. ಮಕ್ಕಳಲ್ಲಿ ದುಂಡಗೆ ಕೂದಲು ಉದುರಿ, ಬುಡದಲ್ಲೇ ಮುರಿದ ಕೂದಲು ಕರಿ ಚುಕ್ಕೆಯಾಗಿ ನಿಂತಿದ್ದರೆ ಅದು ಹುಳುಕಡ್ಡಿ. ಬಾಚಣಿಗೆ, ಟವಲ್ಲು, ಮಷೀನಿನಿಂದ ಹರಡುತ್ತದೆ. ಮುಲಾಮು ಕೂದಲ ಬೇರಿಗೆ ಇಳಿಯುವುದಿಲ್ಲ, ಆರೆಂಟು ವಾರ ಮಾತ್ರೆ ನುಂಗಿಸಬೇಕು.

ಅವರು ಎದ್ದುಹೋದ ಕುರ್ಚಿಗೆ ಹಲಗೆಯಿಟ್ಟು ಕೂರಿಸಿದ ಮಗುವಿನ ನೆತ್ತಿಯಲ್ಲಿ ಅಂಥದ್ದೇ ಒಂದು ರೂಪಾಯಿಯಗಲದ ಗುರುತಿತ್ತು. ಹುಡುಗ ಬಟ್ಟೆಯನ್ನು ಎರಡೆರಡು ಸಲ ಕೊಡವಿದ, ಬಾಚಣಿಗೆಯನ್ನು ನೀರಿಗದ್ದಿ, ಮಗುವಿನ ತಲೆಗೆ ಹಾಕಿದ.