ಬೋಳು ತಲೆಯ ಕುರುಚಲು: ನಮ್ಮ ಕಿರುಚಿತ್ರ ಇಲ್ಲಿಯವರೆಗೆ

ಹೊಸಬರಿಗೆ ಕಥೆ ಇಷ್ಟು. 1921, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆ. ಹದಿನೆಂಟರಲ್ಲಿ ಗಂಡನನ್ನು ಕಳೆದುಕೊಂಡ ಪದ್ದು ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಓಡಿಹೋಗುವುದಿಲ್ಲ, ಮರುಮದುವೆ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಕೂದಲು ಇಟ್ಟುಕೊಂಡೇ ಅದೇ ಮನೆಯಲ್ಲಿ ಕೊಟ್ಟಿಗೆ ಬಾಚಿಕೊಂಡು ಇರುತ್ತಾಳೆ.

ಮೇ: ಚಿತ್ರಕಥೆ

ಎರಡು ಸಂಗತಿ ಕಥೆಯನ್ನು ಬದಲಿಸಿದವು. ಮೈಸೂರು ಸಂಸ್ಥಾನದ 1894ರ ಬಾಲ್ಯವಿವಾಹ ತಡೆ ಕಾಯಿದೆ ಎಂಟು ತುಂಬದ ಹುಡುಗಿಯರ ಮದುವೆಯನ್ನು ತಡೆದಿತ್ತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನವಳನ್ನು ಕಟ್ಟಿಕೊಳ್ಳುವುದನ್ನೂ ತಡೆದಿತ್ತು. ಹಾಗಾಗಿ ನಮ್ಮ ಪದ್ದುವಿಗೆ ಒಂಬತ್ತಕ್ಕೆ ಮದುವೆ, ಗಂಡನಿಗೆ ಆಗ ನಲವತ್ತೈದು. ಕಾನೂನಿನ ಕೈಗೆ ಎಲ್ಲೂ ಸಿಗದ ಮದುವೆ.

ಇನ್ನೊಂದು, 1890ರಲ್ಲಿ ಮುಂಬೈಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನಿಸಿದ್ದು. ಅದರ ಹಿಂದೆ ನಿಂತವರು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ. ಆ ಸುದ್ದಿ ನಮ್ಮ ಹಳ್ಳಿಗೆ ಬಂತು ಎಂದು ತೋರಿಸುವ ಧೈರ್ಯ ನನಗಿಲ್ಲ. ಆದರೆ ಹಿತ್ತಿಲಲ್ಲಿ ಹಡಪ ಬಿಚ್ಚಿ ಕೂರುವವನೂ ಮನುಷ್ಯನೇ ಎಂಬುದು ಅಲ್ಲಿಯವರೆಗೆ ನಮ್ಮ ಚಿತ್ರಕಥೆಯಲ್ಲಿ ಇರಲಿಲ್ಲ. ಈಗ ಅವನಿಗೆ ಎರಡು ಮಾತಿದೆ. ಪದ್ದು ಬರುವುದಿಲ್ಲ ಎಂದಾಗ ಅವನು ಕತ್ತಿ ಮಡಚುವ ವೇಗವೂ ಬದಲಾಗಿದೆ.

ಜೂನ್, ಜುಲೈ: ತಲೆಗಳು

ಮೇಕಪ್ ನನ್ನ ಪಾಲಿಗೆ. ಪದ್ದುವಿನದು ಸುಲಭ, ಕಷ್ಟ ಇರುವುದು ಅವಳ ಅತ್ತೆ ಮತ್ತು ಸೋದರತ್ತೆಯದು. ಇಬ್ಬರೂ ಕೆಂಪು ಸೀರೆಯ ಮಡಿ ಹೆಂಗಸರು, ಕುಪ್ಪಸವಿಲ್ಲ, ಸೆರಗು ತಲೆಯ ಮೇಲೆ. ಲೇಟೆಕ್ಸ್ ಬೋಳು ಟೋಪಿಯ ಅಂಚು ಮಳೆಗಾಲದ ಸೆಕೆಗೆ ಹಣೆಯಿಂದ ಏಳುತ್ತಿತ್ತು, ಎಷ್ಟು ಸ್ಪಿರಿಟ್ ಗಮ್ ಬಳಿದರೂ ಅಷ್ಟೇ. ಪ್ಲಾಸ್ಟಿಕ್ ಟೋಪಿಗೆ ಬದಲಾಯಿಸಿದೆವು. ಅದರ ಅಂಚಿಗೆ ಅಸಿಟೋನ್ ಮುಟ್ಟಿಸಿದರೆ ಕರಗಿ ಚರ್ಮದೊಂದಿಗೆ ಸೇರಿಹೋಗುತ್ತದೆ (ಕಣ್ಣಿನ ಹತ್ತಿರ ಮಾತ್ರ ಬೇಡ).

ಫೋಟೊ ನೋಡಿದ ಪಕ್ಕದ ಮನೆಯ ಅಜ್ಜಿ ನಕ್ಕರು. "ಅಷ್ಟು ನುಣುಪು ತಲೆ ಯಾರಿಗಿತ್ತೇ ಮಾರಾಯ್ತಿ? ಅವ್ನು ಬರೋದು ಯಾವಾಗ್ಲೋ. ಅಷ್ಟರಲ್ಲಿ ಮುಳ್ಳು ಮುಳ್ಳಾಗಿ ಬಂದಿರ್ತಿತ್ತು."

ಅಲ್ಲಿಂದ ಕೆಲಸ ಬೇರೆಯೇ ದಾರಿ ಹಿಡಿಯಿತು. ಒರಟು ಸ್ಪಂಜಿಗೆ ಬೂದು-ನೀಲಿ ಬಣ್ಣ ಹಚ್ಚಿ, ಮೊದಲು ಅಂಗೈ ಮೇಲೆ ಒತ್ತಿ ಹೆಚ್ಚಿನದನ್ನು ಕಳೆದು, ಆಮೇಲೆ ತಲೆಗೆ ಮುಟ್ಟಿಯೂ ಮುಟ್ಟದ ಹಾಗೆ ಒತ್ತಬೇಕು. ಎಲ್ಲ ಕಡೆ ಒಂದೇ ಸಮ ಬಿದ್ದರೆ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಸುಳಿಯ ಸುತ್ತ ದಟ್ಟ, ಕಣತಲೆಯ ಹತ್ತಿರ ವಿರಳ. ಸೋದರತ್ತೆಗೆ ಬಿಳಿ ಕ್ರೇಪ್ ಕೂದಲನ್ನು ಪುಡಿಯಂತೆ ಕತ್ತರಿಸಿ, ಅಂಟಿನ ಮೇಲೆ ಉದುರಿಸಿದೆವು. ಸೆರಗಿನ ನೂಲು ಅದಕ್ಕೆ ತಗಲಿ ತಗಲಿ ನಿಲ್ಲುತ್ತಿತ್ತು, ಅದನ್ನು ಆಕೆ ಕೈಯಿಂದ ಬಿಡಿಸಿಕೊಳ್ಳುವುದನ್ನೇ ಒಂದು ಶಾಟ್ ಮಾಡಿದ್ದೇವೆ. ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದು.

ಪದ್ದುವಿನ ಪಾತ್ರಧಾರಿ ಥ್ರೆಡಿಂಗ್ ನಿಲ್ಲಿಸಿದ್ದಾಳೆ. ಹುಬ್ಬು ಬೆಳೆದು ಕೂಡುವ ಹೊತ್ತಿಗೆ ಮುಖವೇ ಬೇರೆಯಾಯಿತು. ಆಫೀಸಿನಲ್ಲಿ "ಹುಷಾರಿಲ್ವಾ?" ಎಂದು ಕೇಳಿದರಂತೆ! ನೂರು ವರ್ಷ ಹಿಂದಿನ ಕಥೆಗೆ ಇದಕ್ಕಿಂತ ಒಳ್ಳೆಯ ತಾಲೀಮು ಬೇಕೇ? ಮೂಗು ಚುಚ್ಚಿಸಿಲ್ಲದ ಕಾರಣ, ಮೂಗುತಿ ತೆಗೆದ ತೂತನ್ನು ಕಂದು ಪೆನ್ಸಿಲಿನಲ್ಲಿ ಇಡುತ್ತೇವೆ. ಸಾಸಿವೆಗಿಂತ ದೊಡ್ಡದಾದರೆ ಮಚ್ಚೆಯಾಗಿಬಿಡುತ್ತದೆ.

ಆಗಸ್ಟ್: ಜಾಗ, ಬೆಳಕು

ತೊಟ್ಟಿಮನೆ ಸಿಕ್ಕಿದೆ. ಕರೆಂಟು ತಂತಿ ಬಿಟ್ಟರೆ ತೊಂದರೆ ಇಲ್ಲ. ಬುಡ್ಡಿ ದೀಪದ ದೃಶ್ಯಗಳು ಮುಗಿದವು.

ಕೇಳಿದವರೆಲ್ಲ 'ಫಣಿಯಮ್ಮ'ನ ಹೆಸರು ಎತ್ತುತ್ತಾರೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು ಸಿನಿಮಾ ಮಾಡಿದ ಮೇಲೆ ಈ ವಸ್ತುವಿನಲ್ಲಿ ಉಳಿದದ್ದೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ತಲೆ ಕೊಟ್ಟವಳೇ, ತಲೆ ಕೊಡಲೊಲ್ಲದ ಕಿರಿಯಳ ಬೆನ್ನಿಗೆ ನಿಲ್ಲುತ್ತಾಳೆ. ನಮ್ಮಲ್ಲಿ ಯಾರೂ ನಿಲ್ಲುವುದಿಲ್ಲ. ಅತ್ತೆಗೆ ಪದ್ದುವಿನ ಮೇಲಿರುವುದು ಸಿಟ್ಟೋ ಹೊಟ್ಟೆಕಿಚ್ಚೋ ಎಂಬುದನ್ನು ನಟಿಗೆ ಬಿಟ್ಟಿದ್ದೇವೆ. ಅವರು ಪ್ರತಿ ಟೇಕಿಗೂ ಬೇರೆ ಬೇರೆ ಮಾಡುತ್ತಿದ್ದಾರೆ, ಯಾವುದು ಇರಲಿ ಎಂದು ನಿರ್ದೇಶಕನೂ ನಾನೂ ಇನ್ನೂ ಜಗಳವಾಡುತ್ತಿದ್ದೇವೆ.

ಬಾಕಿ: ಹತ್ತನೆಯ ದಿನದ ಬೆಳಗಿನ ದೃಶ್ಯ, ಬಚ್ಚಲ ಹಂಡೆಯ ಹೊಗೆ, ಕ್ಷೌರಿಕನ ಪಾತ್ರಧಾರಿಗೆ ಕತ್ತಿ ಮಸೆಯುವ ಅಭ್ಯಾಸ. ಚರ್ಮದ ಪಟ್ಟಿ ಹಳೆಯದೇ ಬೇಕು. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಹೇಳಿ, ಹುಷಾರಾಗಿ ವಾಪಸ್ ಕೊಡುತ್ತೇವೆ.