ರಾಮಾಚಾರಿಯ ದುರ್ಗದಲ್ಲಿ ಎರಡು ದಿನ

ನಮ್ಮ ದೊಡ್ಡಪ್ಪ ಪ್ಲಾನು ಬರೆದದ್ದು ಯಾರದೋ ಮದುವೆ ಕಾಗದದ ಹಿಂಬದಿಗೆ. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು, ಹಾಗಾಗಿ ಅದು ಟೈಂಟೇಬಲ್ ತರಹವೇ ಇತ್ತು. ಶನಿವಾರ ಏಳಕ್ಕೆ ಚಿತ್ರದುರ್ಗದ ಕೋಟೆ. ಮೊದಲು ರಾಮಾಚಾರಿ ಒಬ್ಬನೇ ಅಲೆಯುವ ಬಂಡೆಗಳು, ಆಮೇಲೆ ಓಬವ್ವನ ಕಿಂಡಿ, ಕಡೆಗೆ ಚಾಮಯ್ಯ ಮೇಷ್ಟ್ರು ಬಿದ್ದ ಜಾಗ. 'ನಾಗರಹಾವು' ಸಿನಿಮಾದಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕ್ರಮದಲ್ಲಿ ನೋಡಬೇಕು ಅನ್ನುವುದು ಅವರ ಹಟ.

"ಕೋಟೆಗೆ ಅದರದ್ದೇ ದಾರಿ ಇರುತ್ತಲ್ಲ ದೊಡ್ಡಪ್ಪ" ಅಂದೆ.

"ನಾಕು ಸಲ ನೋಡಿದೀನಿ ಪಿಚ್ಚರು. ನಂಗೆ ದಾರಿ ಹೇಳಿಕೊಡ್ತೀಯೇನಲೇ?"

ಪುಟ್ಟಣ್ಣ ಕಣಗಾಲರ ಈ ಚಿತ್ರ 1972ರದ್ದು. ದಾವಣಗೆರೆಗೆ ಬಂದಾಗ ದೊಡ್ಡಪ್ಪ ಪಿಯುಸಿ ಓದುತ್ತಿದ್ದರು. ಆಗ ನಮ್ಮೂರೂ ಚಿತ್ರದುರ್ಗ ಜಿಲ್ಲೆಯದೇ. ಬೇರೆಯಾದದ್ದು 1997ರಲ್ಲಿ. ಅವರಿಗದು ಇವತ್ತಿಗೂ "ನಮ್ಮ ಜಿಲ್ಲೆ ಪಿಚ್ಚರು". ತರಾಸು ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೊಸೆದು ಮಾಡಿದ ಒಂದು ಸಿನಿಮಾ. ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಎಂದು ತರಾಸು ಬೇಸರ ಪಟ್ಟುಕೊಂಡಿದ್ದರಂತೆ ಎಂಬ ಮಾತು ಈಗಲೂ ಓಡಾಡುತ್ತದೆ. ಕಾದಂಬರಿ ಓದಿದ ನನಗೆ ತರಾಸು ಕಡೆ ಸ್ವಲ್ಪ ಒಲವು. ಅದನ್ನು ದೊಡ್ಡಪ್ಪನ ಎದುರು ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲ.

ಬೆಳಗ್ಗೆ ಬೆಣ್ಣೆದೋಸೆ ತಿಂದೇ ಹೊರಟಿದ್ದರಿಂದ ಟೈಂಟೇಬಲ್ಲಿನ ಏಳು ಗಂಟೆ ಅಲ್ಲೇ ಕೈಬಿಟ್ಟಿತು. ಅರವತ್ತು ಕಿಲೋಮೀಟರ್ ಹೈವೇ, ಹೇಳುವಂಥದ್ದೇನೂ ಇಲ್ಲ. ದುರ್ಗ ಹತ್ತಿರಾದಂತೆ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತವೆ. "ಇವು ಪಿಚ್ಚರ್‌ನಾಗೆ ಇರಲಿಲ್ಲ" ಎಂದು ದೊಡ್ಡಪ್ಪ ತಕರಾರು ತೆಗೆದರು.

ಕೋಟೆಯ ಬಾಗಿಲಲ್ಲಿ ಗೋಡೆಗೆ ಕೆತ್ತಿದ ಹಾವು ಕಂಡಿತು. ಹತ್ತನೇ ಕ್ಲಾಸಿನ ನನ್ನ ಮಗಳು, "ತಾತಾ, ಟೈಟಲ್ ಬಂತು!" ಎಂದು ಕೂಗಿದಳು. ಅಲ್ಲಿಗೆ ಸಿನಿಮಾದ ಕ್ರಮ ಮುಗಿಯಿತು. ಮುಂದಿನದೆಲ್ಲ ಕೋಟೆಯ ಕ್ರಮವೇ. ಇಲ್ಲಿ ಯಾವ ಬಾಗಿಲೂ ಇನ್ನೊಂದು ಬಾಗಿಲಿಗೆ ನೇರ ಇಲ್ಲ. ದಾರಿ ಹೊರಳುತ್ತದೆ, ಎದುರಿಗೆ ಗೋಡೆ ಬರುತ್ತದೆ, ಮತ್ತೆ ಹೊರಳುತ್ತದೆ. ಓಡಿ ಬರುವ ಆನೆಗೆ ವೇಗ ಸಿಗಬಾರದೆಂದು ಮಾಡಿದ್ದಂತೆ. ದೊಡ್ಡಪ್ಪನ ಮಂಡಿಗೂ ಸಿಗಲಿಲ್ಲ. ಸಿಡಿಮದ್ದು ಅರೆಯುತ್ತಿದ್ದ ಭಾರೀ ಬೀಸುಕಲ್ಲುಗಳ ಗುಂಡಿಯ ಹತ್ತಿರ ಒಂದು ಸಲ ಕೂತರು, ಏಕನಾಥೇಶ್ವರಿ ಗುಡಿಯ ಹತ್ತಿರ ಇನ್ನೊಂದು ಸಲ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಗೋಪಾಲಸ್ವಾಮಿ ಹೊಂಡ ಎಲ್ಲ ನೋಡಿದೆವು. ಚೆನ್ನಾಗಿವೆ. ಆದರೆ ಮನಸ್ಸು ಅಲ್ಲಿರಲಿಲ್ಲ, ಎಲ್ಲ ಬಂಡೆಗಳ ಮೇಲೂ ವಿಷ್ಣುವರ್ಧನ್ ನಿಂತಂತೆ ಕಾಣುತ್ತಿತ್ತು.

ತೊಂದರೆ ಶುರುವಾದದ್ದೇ ಅದರಿಂದ. ನಾವು ಗೊತ್ತು ಮಾಡಿಕೊಂಡ ಗೈಡ್ ಒಂದು ಬಂಡೆ ತೋರಿಸಿ, "ರಾಮಾಚಾರಿ ಹಾಡಿದ್ದು ಇಲ್ಲೇ ಸಾರ್" ಅಂದ. ಅರ್ಧ ಗಂಟೆ ಬಿಟ್ಟು ಬೇರೊಂದು ಗುಂಪಿನ ಗೈಡ್ ಬೇರೆ ಬಂಡೆ ತೋರಿಸಿ ಅದೇ ಮಾತು ಹೇಳುತ್ತಿದ್ದ. ಕಡಲೆಕಾಯಿ ಮಾರುವ ಅಜ್ಜಿಯನ್ನು ಕೇಳಿದರೆ ಮೂರನೆಯದು. ಮಗಳು ಫೋನಿನಲ್ಲಿ ಹಾಡು ಹಾಕಿ ಹಿಂದಿನ ಗುಡ್ಡದ ಗೆರೆಗೆ ಹೊಂದಿಸಲು ನೋಡಿದಳು. ದುರ್ಗದ ಬಂಡೆಗಳೆಲ್ಲ ಒಂದೇ ತಾಯಿ ಮಕ್ಕಳು, ಒಂದೂ ಗುರುತು ಬಿಟ್ಟುಕೊಡಲಿಲ್ಲ.

ಓಬವ್ವನ ವಿಷಯ ಹಾಗಲ್ಲ. ಯಾರನ್ನು ಕೇಳಿದರೂ ಕೈ ಒಂದೇ ಕಡೆ ಹೋಗುತ್ತದೆ.

ನನ್ನ ತಲೆಯಲ್ಲಿದ್ದದ್ದು ಸಿನಿಮಾದ ಜಯಂತಿ. ಒನಕೆ ಎತ್ತಿದ ಕೈ, ಕೆಂಡದ ಕಣ್ಣು, ದೊಡ್ಡ ದೃಶ್ಯ. ಕಿಂಡಿ ಅಂದರೆ ಬಾಗಿಲಿನಷ್ಟಾದರೂ ಇರುತ್ತದೆ ಎಂದುಕೊಂಡಿದ್ದೆ. ಎರಡು ಬಂಡೆಗಳ ಸಂದು ಅದು. ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಭುಜ ಓರೆ ಮಾಡಿ ತೂರಬೇಕು. ಜನ ನುಸುಳಿ ನುಸುಳಿ ಕಲ್ಲು ಎಣ್ಣೆ ಸವರಿದಷ್ಟು ನುಣುಪಾಗಿದೆ. ದೊಡ್ಡಪ್ಪ, "ಬ್ಯಾಡ ಅನ್ನಬೇಡ" ಎನ್ನುತ್ತ ಆ ಕಡೆ ಹೋಗಿ ಒಳಗೆ ನುಗ್ಗಿಯೇಬಿಟ್ಟರು. ಈ ಕಡೆ ಮೊದಲು ಬಂದದ್ದು ಬೋಳು ತಲೆ. ಆಮೇಲೆ ಏನೂ ಬರಲಿಲ್ಲ. ಭುಜ ಸಿಕ್ಕಿಕೊಂಡಿತ್ತು. ಎರಡು ಕೈಯೂ ಒಳಗೇ, ಮುಖ ನೆಲಕ್ಕೆ, ಎದುರಿಗೆ ಯಾರಿದ್ದಾರೆಂದು ನೋಡಲೂ ಆಗದ ಸ್ಥಿತಿ. ಮಗಳು ಕೈಯಲ್ಲಿದ್ದ ಕೊಡೆ ಎತ್ತಿ ತಾತನ ತಲೆಗೆ ಮೆಲ್ಲಗೆ ಟಣ್ ಎಂದು ತಟ್ಟಿದಳು.

"ಅಯ್ಯೋ ಇಷ್ಟೇನಾ! ಯಾರು ಬೇಕಾದ್ರೂ ಹೊಡೀಬಹುದಲ್ಲ" ಅಂದಳು.

"ಯಾರು ಬೇಕಾದ್ರೂ ಹೊಡೀಬಹುದಿತ್ತು. ಹೊಡೆದೋಳು ಒಬ್ಬಳು" ಎಂದು ಕಿಂಡಿಯೊಳಗಿನಿಂದ ಉತ್ತರ ಬಂತು. ಮೇಷ್ಟ್ರು ಸಿಕ್ಕಿಹಾಕಿಕೊಂಡರೂ ಮೇಷ್ಟ್ರೇ.

ಅವರನ್ನು ಎಳೆದು ಕೂರಿಸಿ ಸುತ್ತ ನೋಡಿದೆ. ತಣ್ಣೀರು ದೋಣಿ ಪಕ್ಕದಲ್ಲೇ ಇದೆ. ಕಾವಲುಗಾರ ಮುದ್ದಹನುಮ ಊಟಕ್ಕೆ ಕೂತಾಗ ಓಬವ್ವ ನೀರಿಗೆ ಬಂದದ್ದು, ಹೈದರಾಲಿಯ ಸೈನಿಕರ ಪಿಸುಮಾತು ಕೇಳಿದ್ದು, ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ನಿಂತದ್ದು, ಎಲ್ಲ ಕಥೆಯೂ ನಾಲ್ಕು ಮಾರು ಜಾಗದಲ್ಲಿ ಕೂರುತ್ತದೆ. ಕಿಂಡಿ ಇನ್ನೂ ಒಂದು ಅಡಿ ಅಗಲ ಇದ್ದಿದ್ದರೆ ಕಥೆಯೇ ಇಲ್ಲ. ಸಿನಿಮಾದಲ್ಲಿ ಅವಳ ಆವೇಶ ಕಂಡಿತ್ತು, ಇಲ್ಲಿ ಅವಳ ಲೆಕ್ಕಾಚಾರ ಕಂಡಿತು. ಒಬ್ಬೊಬ್ಬನೇ ಬರುತ್ತಾನೆ, ತಲೆ ಮೊದಲು ಬರುತ್ತದೆ, ಕೈ ಆಮೇಲೆ. ಆ ಸಲ ಉಳಿದ ಕೋಟೆ ಹೈದರನ ಪಾಲಾದದ್ದು 1779ರಲ್ಲಿ, ಮದಕರಿ ನಾಯಕ ಸೆರೆಯಾದಾಗ.

ಸಂಜೆ ಚಂದ್ರವಳ್ಳಿ. ಅಂಕಲಿ ಮಠದ ಗುಹೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇಳಿದು ಹತ್ತಿದೆವು. ಕದಂಬ ಮಯೂರಶರ್ಮನ ಶಾಸನ ಇರುವ ಬಂಡೆ ಮುಂದೆ ನಿಂತೆವು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ನೆಲ ಇದು ಎಂದು ನಾನು ಶುರು ಮಾಡುವಷ್ಟರಲ್ಲಿ ಕೇಳುವವರಿಬ್ಬರೂ ಮಂಡಕ್ಕಿ ಮಿರ್ಚಿ ಹುಡುಕಿಕೊಂಡು ಹೋಗಿದ್ದರು. ರಾತ್ರಿ ಉಳಿದ ಲಾಡ್ಜಿನಲ್ಲಿ ಬಿಸಿನೀರು "ಐದು ನಿಮಿಷ" ಎಂದವರು ಬೆಳಗಿನವರೆಗೂ ಹಾಗೇ ಅನ್ನುತ್ತಿದ್ದರು. (ಹೋಗುವವರಿಗೆ ಒಂದು ಮಾತು: ಕೋಟೆಗೆ ಕೈಯಲ್ಲಿ ಕವರ್ ಹಿಡಿದು ಹೋಗಬೇಡಿ. ಅಲ್ಲಿನ ಕೋತಿಗಳಿಗೆ ಕವರಿನ ಸದ್ದೇ ಆಮಂತ್ರಣ. ನಮ್ಮ ಚಕ್ಕುಲಿ ಹೋದದ್ದು ಹಾಗೇ.)

ಭಾನುವಾರ ಪಟ್ಟಿಯಲ್ಲಿ ಉಳಿದದ್ದು ಒಂದೇ, ಚಾಮಯ್ಯ ಮೇಷ್ಟ್ರ ಜಾಗ. ಮಂಡಿ ನೋವಿದೆ, ಬೇಡ ಎಂದರೆ ದೊಡ್ಡಪ್ಪ ಕೇಳಲಿಲ್ಲ. ನಾಕು ಸಲ ಸಿನಿಮಾ ನೋಡಿದ್ದು ನಿಜವಂತೆ, ಆದರೆ ಎರಡನೇ ಸಲದಿಂದ, ಶಿಷ್ಯ ರಾಮಾಚಾರಿ ತಳ್ಳಿ ಚಾಮಯ್ಯನ ಪಾತ್ರದ ಅಶ್ವತ್ಥ್ ಬೀಳುವ ಮೊದಲೇ ಎದ್ದು ಹೊರಗೆ ಬಂದುಬಿಡುತ್ತಿದ್ದರಂತೆ. ಬೆಟ್ಟ ಹತ್ತುತ್ತ ಹತ್ತುತ್ತ ಹೇಳಿದರು. ತಾವೂ ಮೇಷ್ಟ್ರಾದ ಮೇಲೆ ಟೀವಿಯಲ್ಲಿ ಬಂದರೂ ಅಷ್ಟೊತ್ತಿಗೆ ನೀರು ಕುಡಿಯಲು ಎದ್ದು ಹೋಗುತ್ತಾರೆ ಎಂದು ದೊಡ್ಡಮ್ಮ ಹಿಂದೊಮ್ಮೆ ಹೇಳಿದ್ದು ಆಗ ನೆನಪಾಯಿತು.

ಗೈಡ್ ಒಂದು ಅಂಚು ತೋರಿಸಿದ. ಅದೇ ಹೌದೋ ಅಲ್ಲವೋ, ಹಿಂದಿನ ದಿನದ ಅನುಭವದ ಮೇಲೆ ನಾನಂತೂ ಕೇಳಲಿಲ್ಲ. ಕೆಳಗೆ ಊರು, ಹೆಂಚು, ತಾರಸಿ, ನೀರಿನ ಟ್ಯಾಂಕು. ಗಾಳಿ ಜೋರಾಗಿತ್ತು. ದೊಡ್ಡಪ್ಪ ಅಂಚಿಗೆ ಹತ್ತು ಹೆಜ್ಜೆ ಇರುವಾಗಲೇ ನಿಂತರು. ಫೋಟೊ ತೆಗೆಯಲೆಂದು ನಾನು ಅವರ ಬೆನ್ನ ಹಿಂದೆ ಸರಿದೆ.

"ಏಯ್," ಅಂದರು ತಿರುಗದೆಯೇ, "ಹಿಂದೆ ನಿಂತ್ಕಬೇಡ. ಮುಂದೆ ಬಾ. ನೀನೂ ನನ್ನ ಸ್ಟೂಡೆಂಟೇ."