ಚಾರ್ಟ್‌ನಲ್ಲಿ ಶನಿವಾರ, ನೀರಲ್ಲಿ ಮಂಗಳವಾರ

ಏಪ್ರಿಲ್ ಮುಗಿಯುತ್ತಾ ಬಂದಾಗ ನನ್ನ ಫೋನಿಗೆ ಇಣುಕಿದವರು ನಾನು ಶೇರು ಮಾರುಕಟ್ಟೆಗೆ ಬಿದ್ದಿದ್ದೇನೆ ಅಂದುಕೊಳ್ಳುತ್ತಾರೆ. ಏರುವ, ಇಳಿಯುವ ನೀಲಿ ಗೆರೆ, ಕೆಳಗೆ ಸಣ್ಣ ಅಂಕಿಗಳ ಸಾಲು. ಅದು ಸಸಿಹಿತ್ಲು ಎದುರಿನ ಕಡಲಿನ ಮುನ್ಸೂಚನೆ. ಮುಂದಿನ 16 ದಿನ ಅಲೆ ಎಷ್ಟೆತ್ತರ, ಎಷ್ಟು ಸೆಕೆಂಡಿಗೊಂದು, ಯಾವ ದಿಕ್ಕಿನಿಂದ, ಗಾಳಿ ಯಾವ ಕಡೆಗೆ, ಎಲ್ಲ ಅದರಲ್ಲಿರುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ನೋಡದಿದ್ದರೆ ನನಗೆ ಸಮಾಧಾನ ಇಲ್ಲ. ಮನೆಯವರು ಬಯ್ಯುವುದನ್ನೂ ಬಿಟ್ಟಿದ್ದಾರೆ.

ಕರಾವಳಿಯಲ್ಲಿ ಸರ್ಫಿಂಗ್ ಮಾಡುವವರಿಗೆ ಮೇ ತಿಂಗಳು ಒಂಥರಾ ಆತುರದ ತಿಂಗಳು. ಮಳೆಗಾಲದ ಮೊದಲು ಒಳ್ಳೆ ಅಲೆ ಸಿಗುವುದೇ ಆಗ. ಜಾಸ್ತಿ ದಿನ ಉಳಿದಿರುವುದಿಲ್ಲ. ಮೇ ಕೊನೆಗೆ ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ಭೂತಕೋಲ, ಯಕ್ಷಗಾನದ ಆಟ ಎಲ್ಲ ನಿಲ್ಲುತ್ತವೆ. ನಮ್ಮ ಆಟಕ್ಕೂ ಹೆಚ್ಚುಕಡಿಮೆ ಅದೇ ಗಡುವು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಆ ಕಡಲಿಗೆ ಹಲಗೆ ಹಿಡಿದು ಹೋಗುವ ಧೈರ್ಯ ನನಗಿಲ್ಲ, ಬೇಕಾಗಿಯೂ ಇಲ್ಲ.

ಸಸಿಹಿತ್ಲು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಂಗಳೂರಿನಿಂದ ಉಡುಪಿ ಕಡೆ ಹೊರಟು, ಹಳೆಯಂಗಡಿಯಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಬೇಕು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಗಾಳಿಮರ ಬೆಳೆದ ಮರಳಿನ ಪಟ್ಟಿ. ಶಾಂಭವಿಯೂ ನಂದಿನಿಯೂ ಸೇರಿ ಕಡಲಿಗೆ ಬೀಳುವ ಅಳಿವೆ ಅಲ್ಲೇ ಇದೆ. ಹತ್ತಿರದ ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಯಿತು. ಸರ್ಫಿಂಗ್ ಸ್ವಾಮಿ ಎಂದೇ ಹೆಸರಾದ ಅಮೆರಿಕದ ಜ್ಯಾಕ್ ಹೆಬ್ನರ್ ಅದರ ಹಿಂದಿದ್ದವರು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಮೊದಲ ಸಲ ನಡೆದದ್ದು ಇದೇ ಸಸಿಹಿತ್ಲಿನಲ್ಲಿ, ಮೇ ಕೊನೆಗೆ. ಆ ಹೊತ್ತಿಗೆ ಅಲೆ ದೊಡ್ಡದಾಗಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲ.

ಇಲ್ಲಿ ಬಂಡೆ ಇಲ್ಲ, ಹವಳದ ದಿಬ್ಬ ಇಲ್ಲ. ಅಲೆ ಒಡೆಯುವುದು ಮರಳ ಮೇಲೆ. ಮಳೆಗಾಲದಲ್ಲಿ ಹೊಳೆ ತಂದು ಸುರಿದ ಮರಳನ್ನು ಕಡಲು ತನಗೆ ಬೇಕಾದ ಹಾಗೆ ಗುಡ್ಡೆ ಹಾಕುತ್ತದೆ. ಹೋದ ವರ್ಷ ಎಲ್ಲಿ ಒಳ್ಳೆ ಅಲೆ ಏಳುತ್ತಿತ್ತೋ ಅಲ್ಲಿ ಈ ವರ್ಷ ಏನೂ ಇರಲಿಕ್ಕಿಲ್ಲ. ಯಾವ ಆ್ಯಪ್‌ಗೂ ಈ ಸುದ್ದಿ ಗೊತ್ತಾಗುವುದಿಲ್ಲ.

ಒಂದು ಸಲ ಮೇ ತಿಂಗಳ ಮೊದಲ ಭಾಗದಲ್ಲಿ ಚಾರ್ಟ್ ಒಮ್ಮೆಲೇ ಕೆಂಪಾಯಿತು, ಅಂದರೆ ದೊಡ್ಡ ಅಲೆ ಬರುತ್ತದೆ ಅಂತ. ದಕ್ಷಿಣದಲ್ಲಿ, 50ನೇ ಅಕ್ಷಾಂಶದ ಆಸುಪಾಸಿನಲ್ಲಿ, ಭಾನುವಾರ ಒಂದು ದೊಡ್ಡ ಬಿರುಗಾಳಿ ಬೀಸಿತ್ತು. ಅಲ್ಲಿ ಭೂಮಿ ಅಡ್ಡ ಸಿಗುವುದೇ ಕಮ್ಮಿ, ಗಾಳಿ ಸುಮ್ನೆ ಸುತ್ತುತ್ತಾ ಇರುತ್ತದೆ. ಅದು ಎಬ್ಬಿಸಿದ ಅಲೆ ನಮ್ಮಲ್ಲಿಗೆ ಬರಲು ಸುಮಾರು 7000 ಕಿಲೋಮೀಟರ್ ಹಾದಿ ಸವೆಸಬೇಕು. ಮಾಲ್ಡೀವ್ಸ್, ಲಕ್ಷದ್ವೀಪಗಳ ಸಂದುಗಳಲ್ಲಿ ನುಸುಳಿ ಉಳಿದದ್ದು ನಮಗೆ. ಚಾರ್ಟ್ ಪ್ರಕಾರ ಶನಿವಾರ 2 ಮೀಟರ್ ಹತ್ತಿರ, 16 ಸೆಕೆಂಡ್.

ಗ್ರೂಪ್‌ನಲ್ಲಿ ಗಲಾಟೆಯೋ ಗಲಾಟೆ. ಬೆಂಗಳೂರಿನ ಹುಡುಗರು ರಾತ್ರಿ ಬಸ್ಸು ಬುಕ್ ಮಾಡಿದರು. ಎಲ್ಲರ ಕಣ್ಣೂ ಆ 2 ಮೀಟರ್ ಮೇಲೆ. ನನ್ನ ಕಣ್ಣು ಮಾತ್ರ 16ರ ಮೇಲೆ ಇತ್ತು.

ಈ ಸೆಕೆಂಡಿನ ಲೆಕ್ಕ ನನಗೆ ತುಂಬಾ ಇಷ್ಟ. ಎರಡು ಅಲೆಗಳ ನಡುವಿನ ಸಮಯ ಜಾಸ್ತಿ ಇದ್ದಷ್ಟೂ ಅಲೆಯ ಗುಂಪು ಬೇಗ ಓಡುತ್ತದೆ. 20 ಸೆಕೆಂಡಿನದ್ದು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, 16ರದ್ದು 45, 12ರದ್ದು 34. ಎಲ್ಲವೂ ಒಂದೇ ಬಿರುಗಾಳಿಯ ಮಕ್ಕಳು, ಒಟ್ಟಿಗೇ ಹೊರಟವು. ಆದರೆ ಉದ್ದ ಕಾಲಿನವು ಮೊದಲು ಮುಟ್ಟುತ್ತವೆ. 7000 ಕಿಲೋಮೀಟರ್ ದಾಟುವಷ್ಟರಲ್ಲಿ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಮೂರು ದಿನಕ್ಕಿಂತ ಜಾಸ್ತಿ ಅಂತರ ಬಿದ್ದಿರುತ್ತದೆ. ಅಂದರೆ ಅದು ಒಂದು ದಿನದ ಕತೆಯಲ್ಲ, ಶುಕ್ರವಾರ ಶುರುವಾಗಿ ಮಂಗಳವಾರದ ತನಕ ನಡೆಯುವ ಕತೆ.

ಶುಕ್ರವಾರ ಸಂಜೆ ಸುಮ್ನೆ ನೋಡಿ ಬರೋಣ ಅಂತ ಹೋದೆ. ಕಡಲು ನೋಡಿದರೆ ಏನೂ ವಿಶೇಷ ಇಲ್ಲ, ಮೊಣಕಾಲೆತ್ತರದ ಅಲೆ. ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಹಿರಿಯರೊಬ್ಬರು ಮಾತ್ರ ತಲೆ ಎತ್ತದೆಯೇ ಹೇಳಿದರು: "ಕಡಲು ಎಳೀತಾ ಉಂಟು ಮಾರಾಯ್ರೆ. ನಾಳೆ ದೋಣಿ ಮೇಲೆ ಹಾಕ್ಬೇಕು." ನಿಂತು ನೋಡಿದೆ. ಹೌದು. ಆಗಾಗ ನೀರು ಹಿಂದೆ ಸರಿಯುತ್ತಿತ್ತು, ಮಾಮೂಲಿಗಿಂತ ತುಂಬಾ ದೂರ. ಒದ್ದೆ ಮರಳಲ್ಲಿ ಏಡಿಗಳು ದಿಕ್ಕುಗೆಟ್ಟು ಓಡುತ್ತಿದ್ದವು. ಆಮೇಲೆ ಅದೇ ನೀರು ಸದ್ದಿಲ್ಲದೆ ಏರಿ ಬಂದು, ಒಣಮರಳಲ್ಲಿ ಯಾರೋ ಬಿಟ್ಟಿದ್ದ ಚಪ್ಪಲಿಯನ್ನು ಎತ್ತಿಕೊಂಡು ಹೋಯಿತು. ಅಲೆಯ ಎತ್ತರ ಒಂದು ಗೇಣೂ ಹೆಚ್ಚಿರಲಿಲ್ಲ. ಫೋನ್ ತೆಗೆದು ಚಾರ್ಟ್‌ನ ಕೆಳಗಿನ ಸಾಲು ನೋಡಿದರೆ, ಸಣ್ಣ ಅಕ್ಷರದಲ್ಲಿ 0.2 ಮೀಟರ್, 20 ಸೆಕೆಂಡ್. ಮುಂದಾಳುಗಳು ಬಂದಾಗಿತ್ತು. ಆ ಅಜ್ಜನಿಗೆ ಚಾರ್ಟ್ ಬೇಕಾಗಿರಲಿಲ್ಲ.

ಇದೇ ಜಾತಿಯ ಅಲೆ ಜೋರಾದಾಗ ಗಾಳಿ ಇಲ್ಲದೆ, ಮೋಡ ಇಲ್ಲದೆ ಕಡಲು ಮನೆಯಂಗಳಕ್ಕೆ ನುಗ್ಗುತ್ತದೆ. ಕೇರಳದವರು ಕಳ್ಳಕ್ಕಡಲ್ ಅನ್ನುವುದು ಇದಕ್ಕೇ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಇದಕ್ಕೆಂದೇ ಎಚ್ಚರಿಕೆ ಕೊಡುತ್ತದೆ. 2024ರ ಮೇ ಮೊದಲ ವಾರದಲ್ಲಿ ಕೇರಳ, ತಮಿಳುನಾಡು ತೀರಗಳಿಗೆ ಕೊಟ್ಟಿತ್ತಲ್ಲ, ಹಾಗೆ. ಸರ್ಫ್ ಆ್ಯಪ್‌ಗಿಂತ ಮೊದಲು ನಾನು ನೋಡುವುದು ಅದನ್ನೇ. ಅದರಲ್ಲಿ ಕೆಂಪು ಇದ್ದರೆ ಬೋರ್ಡ್ ಮನೆಯಲ್ಲೇ.

ಶನಿವಾರ ಬೆಳಕು ಹರಿಯುವ ಮುಂಚೆಯೇ ಬೀಚ್‌ನಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ಮೂಡುಗಾಳಿ ತಣ್ಣಗೆ ಬೀಸುತ್ತಿತ್ತು. ಮೇ ತಿಂಗಳಲ್ಲಿ ಅದು ಸಿಗುವುದು ಬೆಳಿಗ್ಗೆ ಮಾತ್ರ. ಹೊತ್ತೇರಿದ ಮೇಲೆ ನೆಲ ಕಾದು ಪಡುಗಾಳಿ ಎದ್ದರೆ ಅಲೆಯ ಮುಖವೆಲ್ಲ ಕದಡಿ ಹೋಗುತ್ತದೆ. ಅಲೆ ನೋಡಲು ಮಾತ್ರ ಭರ್ಜರಿ ಇತ್ತು. ದೂರದಿಂದ ಒಂದೇ ನೇರ ಗೆರೆ ಬರುತ್ತಿತ್ತು, ಅಳಿವೆಯಿಂದ ಕಣ್ಣು ಹಾಯುವ ತನಕ. ಬಂದು ಗೋಡೆಯಂತೆ ನಿಲ್ಲುತ್ತಿತ್ತು. ಆಮೇಲೆ ಅಷ್ಟುದ್ದವೂ ಒಂದೇ ಏಟಿಗೆ ಧಡ್ ಅಂತ ಬೀಳುತ್ತಿತ್ತು. ಕಾಲ ಕೆಳಗಿನ ಮರಳು ಅದುರುತ್ತಿತ್ತು.

ಇದಕ್ಕೆ ಕ್ಲೋಸ್‌ಔಟ್ ಅನ್ನುತ್ತಾರೆ. ಅಲೆ ಒಂದು ತುದಿಯಿಂದ ಸ್ವಲ್ಪಸ್ವಲ್ಪವಾಗಿ ಒಡೆಯುತ್ತಾ ಬಂದರೆ ಮಾತ್ರ ಅದರ ಮುಂದೆ ಜಾರಿಕೊಂಡು ಹೋಗಬಹುದು. ಎಲ್ಲ ಒಟ್ಟಿಗೆ ಬಿದ್ದರೆ ಹೋಗುವುದು ಎಲ್ಲಿಗೆ? 16 ಸೆಕೆಂಡಿನ ಅಲೆಗೆ ಆಳದ ಕಡಲಿನಲ್ಲಿ 400 ಮೀಟರ್ ಉದ್ದ ಇರುತ್ತದೆ. 200 ಮೀಟರ್ ಆಳದಲ್ಲೇ ಅದಕ್ಕೆ ತಳ ತಾಗಲು ಶುರುವಾಗುತ್ತದೆ. ದಡಕ್ಕೆ ಬರುವಷ್ಟರಲ್ಲಿ ಬಾಗಿ ಬಾಗಿ ತೀರಕ್ಕೆ ಸರಿಸಮ ನಿಂತಿರುತ್ತದೆ. ಬಂಡೆಯ ಮೂಲೆ ಇರುವ ಕಡೆ ಇದು ವರ. ನಮ್ಮ ನೇರ ಮರಳ ದಂಡೆಗೆ ಅಷ್ಟೊಂದು ಒಳ್ಳೇದಲ್ಲ.

ಆದರೂ ಇಳಿದೆವು. ಬಂದ ಮೇಲೆ ಇಳಿಯದೆ ಇರಲಿಕ್ಕೆ ಆಗುತ್ತದಾ? ಲೈನಪ್ ತನಕ, ಅಂದರೆ ಅಲೆಗೆ ಕಾಯುತ್ತಾ ಕೂರುವ ಜಾಗದ ತನಕ, ಹೋಗುವುದೇ ಅರ್ಧ ಬೆಳಗಿನ ಕೆಲಸ. ಸೆಟ್, ಅಂದರೆ ಒಂದರ ಹಿಂದೊಂದು ದೊಡ್ಡ ಅಲೆಗಳ ಗುಂಪು, ಬರುವವರೆಗೆ ಕಡಲು ಮಲಗಿದ ಹಾಗೆ ಇರುತ್ತದೆ. ಕಾದು ಕಾದು ಬೇಸರ ಬಂದಾಗ ದಿಗಂತದಲ್ಲಿ ಕಪ್ಪು ಗೆರೆ ಕಾಣುತ್ತದೆ. ಒಂದು ಅಲೆಗೆ ನಾನೂ ಪ್ಯಾಡಲ್ ಮಾಡಿದೆ. ಎದ್ದು ನಿಂತೆ. ಎಡಕ್ಕೆ ನೋಡಿದರೆ ಗೋಡೆ, ಬಲಕ್ಕೆ ನೋಡಿದರೂ ಗೋಡೆ. ಮುಂದಿನ ಕ್ಷಣ ನೀರೊಳಗೆ ಬಟ್ಟೆಯ ಹಾಗೆ ಒಗೆಸಿಕೊಂಡೆ. ಬೋರ್ಡನ್ನು ಕಾಲಿಗೆ ಕಟ್ಟಿದ ಹಗ್ಗ, ಲೀಶ್, ಕಾಲನ್ನು ಒಂದು ಕಡೆ ಎಳೆಯುತ್ತದೆ, ನೀರು ಇನ್ನೊಂದು ಕಡೆ. ಆಮೇಲೆ ಎರಡು ದಿನ ಕಿವಿಯಿಂದ ಮರಳು ಬರುತ್ತಿತ್ತು. ಬೆಂಗಳೂರಿನ ಒಬ್ಬನ ಬೋರ್ಡ್ ನಡುವಿಗೇ ಮುರಿಯಿತು. ಫೋಟೋ ಮಾತ್ರ ಎಲ್ಲರದ್ದೂ ಚೆನ್ನಾಗಿ ಬಂದವು.

ಅವತ್ತು ಮನಸ್ಸಿನಲ್ಲಿ ಉಳಿದದ್ದು ಬೇರೆ. ಮರಳ ದಿಬ್ಬದ ಪಕ್ಕದಲ್ಲಿ ಒಂದು ಓಣಿಯಷ್ಟು ಜಾಗದಲ್ಲಿ ಅಲೆಯೇ ಒಡೆಯುತ್ತಿರಲಿಲ್ಲ. ನೀರು ಕಂದು ಬಣ್ಣ, ಮೇಲೆ ನೊರೆ ಹೊರಗೆ ಹರಿಯುತ್ತಿತ್ತು. ಅದು ರಿಪ್. ದಡಕ್ಕೆ ಬಂದು ಬಿದ್ದ ಅಷ್ಟೂ ನೀರು ವಾಪಸ್ ಹೋಗುವ ದಾರಿ. ನಾವು ಬೋರ್ಡ್ ಮೇಲೆ ಮಲಗಿ ಅದರಲ್ಲೇ ಹೊರಗೆ ಹೋಗುತ್ತೇವೆ, ಪುಕ್ಕಟೆ ಸವಾರಿ. ಘಟ್ಟದ ಮೇಲಿಂದ ಬಂದ ಒಂದು ಕುಟುಂಬಕ್ಕೆ ಇಡೀ ಬೀಚ್‌ನಲ್ಲಿ ಅದೊಂದೇ ಶಾಂತವಾಗಿ ಕಂಡಿದೆ. ಮಕ್ಕಳನ್ನು ಕರೆದುಕೊಂಡು ಸೊಂಟದ ತನಕ ಇಳಿದಿದ್ದರು. ಗೆಳೆಯನೊಬ್ಬ ಸೀಟಿ ಊದುತ್ತಾ ಓಡಿದ. ಮೇಲೆ ಬಂದವರಿಗೆ ಸಿಟ್ಟು: "ಅಲೆ ಇರೋ ಕಡೆ ಆಡ್ತಿರೋರನ್ನ ಬಿಟ್ಟು ನಮ್ಮನ್ನ ಯಾಕೆ ಕರೀತೀರಿ?" ಅವನು ಒಂದು ತೆಂಗಿನ ಚಿಪ್ಪು ಎತ್ತಿ ಆ ಓಣಿಗೆ ಎಸೆದ. ಅದು ಮೆಲ್ಲಗೆ ತೇಲುತ್ತಾ, ತಿರುಗಿಯೂ ನೋಡದೆ, ಒಡೆಯುವ ಅಲೆಗಳನ್ನು ದಾಟಿ ಹೊರಗೆ ಹೋಯಿತು. ಆ ತಾಯಿ ಮಕ್ಕಳ ಕೈ ಬಿಡಲೇ ಇಲ್ಲ ಆಮೇಲೆ. ಗೊತ್ತಿರಲಿ ಅಂತ ಹೇಳುತ್ತೇನೆ: ಸಿಕ್ಕಿಬಿದ್ದರೆ ದಡಕ್ಕೆ ನೇರ ಈಜಬೇಡಿ. ತೇಲುತ್ತಾ ಇದ್ದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಅಲೆ ಒಡೆಯುವ ಕಡೆಯಿಂದ ಒಳಗೆ ಬನ್ನಿ.

ಭಾನುವಾರವೂ ಅದೇ ಕತೆ. ಬೆಂಗಳೂರಿನವರು ಮೈಕೈ ನೋವು ಕಟ್ಟಿಕೊಂಡು ಬಸ್ಸು ಹತ್ತಿದರು. ಸೋಮವಾರ ಚಾರ್ಟ್ ಹಳದಿಗೆ ಇಳಿಯಿತು, ಮಂಗಳವಾರ ಹಸಿರು. 1.1 ಮೀಟರ್, 12 ಸೆಕೆಂಡ್. ಗ್ರೂಪ್ ತಣ್ಣಗಾಗಿತ್ತು. ಯಾರೂ ಒಂದು ಮೆಸೇಜೂ ಹಾಕಲಿಲ್ಲ.

ಆ ಚಾರ್ಟ್‌ನಲ್ಲಿ ಇನ್ನೊಂದು ಸಣ್ಣ ಸಾಲಿತ್ತು: ವಾಯವ್ಯದಿಂದ ಅರ್ಧ ಮೀಟರ್, 6 ಸೆಕೆಂಡ್. ಹಿಂದಿನ ಸಂಜೆಯ ಗಾಳಿ ಎಬ್ಬಿಸಿದ ಪುಡಿ ಅಲೆ. ಯಾರೂ ಲೆಕ್ಕಕ್ಕೆ ಇಡದ ಸಾಲು ಅದು. ನನಗೆ ಮಾತ್ರ ಅದನ್ನು ನೋಡಿಯೇ ನಿದ್ದೆ ಬರಲಿಲ್ಲ. ತೆಂಕಣದಿಂದ ಬರುವ ದೊಡ್ಡ ಗೆರೆಗೆ ಬಡಗಣದಿಂದ ಬರುವ ಸಣ್ಣ ಗೆರೆ ಓರೆಯಾಗಿ ಸಿಕ್ಕಿದರೆ ಉದ್ದ ಗೋಡೆ ತುಂಡಾಗುತ್ತದೆ. ಎರಡೂ ಸೇರಿದ ಕಡೆ ಅಲೆಯ ಕೊಡಿ, ಅಂದರೆ ತುದಿ, ಏಳುತ್ತದೆ, ಪಕ್ಕದಲ್ಲಿ ತಗ್ಗುತ್ತದೆ. ನಮ್ಮ ಮರಳ ದಂಡೆಗೆ ಬೇಕಾದದ್ದೇ ಅದು. ಹತ್ತು ಗಂಟೆಗೆ ಆಫೀಸಿನ ಮೀಟಿಂಗ್ ಇತ್ತು. ಅದಕ್ಕೆ ಮೊದಲು ನಾಲ್ಕು ತಾಸು ನನ್ನದು ಅಂತ ಹೊರಟೆ.

ಬೀಚ್‌ನಲ್ಲಿ ಇಬ್ಬರು ಊರಿನ ಹುಡುಗರು ಬಿಟ್ಟರೆ ಯಾರೂ ಇಲ್ಲ. ನೀರು ಏರುತ್ತಿತ್ತು. ನಮ್ಮಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಹುಣ್ಣಿಮೆ, ಅಮಾವಾಸ್ಯೆಗೂ ಸುಮಾರು ಒಂದೂವರೆ ಮೀಟರ್ ಅಷ್ಟೇ. ಆದರೆ ಮರಳ ದಿಬ್ಬದ ಮೇಲೆ ಆ ಒಂದೂವರೆಯೇ ಎಲ್ಲ. ಇಳಿತದಲ್ಲಿ ಅಲೆ ಧೊಪ್ ಅಂತ ಬೀಳುತ್ತದೆ, ತುಂಬು ಉಬ್ಬರದಲ್ಲಿ ಒಡೆಯದೆ ಮುಂದೆ ಹೋಗುತ್ತದೆ. ನಡುವೆ ಸಿಗುವ ಹೊತ್ತೇ ನಮ್ಮದು. ಕಾಲು ಜಾರದಂತೆ ಬೋರ್ಡ್‌ಗೆ ವ್ಯಾಕ್ಸ್ ಉಜ್ಜಿದರೆ ಬೆಳಗಿನ ಸೆಕೆಗೇ ಅರ್ಧ ಎಣ್ಣೆಯಾಗಿತ್ತು. ಮೇಲೊಂದಿಷ್ಟು ಮರಳು ತಿಕ್ಕಿದೆ, ಹಿಡಿತ ಬಂತು.

ಶನಿವಾರದ ದೈತ್ಯರು ಎರಡು ದಿನ ಬಡಿದು ಬಡಿದು ಮರಳನ್ನೂ ಬದಲಿಸಿದ್ದರು. ಅಳಿವೆಯಿಂದ ಸ್ವಲ್ಪ ತೆಂಕಿಗೆ ಹೊಸ ದಿಬ್ಬ ಬಿದ್ದಿತ್ತು. ಅದರ ಮೇಲೆ ಎದೆಯೆತ್ತರದ ಕೊಡಿ ಎದ್ದು ಬಲಕ್ಕೆ ಒಡೆಯುತ್ತಾ ಹೋಗುತ್ತಿತ್ತು, ಅವಸರವೇ ಇಲ್ಲ. ಅಲೆ ಹಿಡಿದು ಎದ್ದು ನಿಂತು, ಕೆಳಗೆ ತಿರುಗಿ, ಮತ್ತೆ ಮೇಲೆ ಹತ್ತಿ, ಕೈ ನೀರಿಗೆ ತಾಗಿಸಿಕೊಂಡು ಹೋಗಬಹುದಾದಷ್ಟು ಸಮಯ. ಪಕ್ಕದಲ್ಲಿದ್ದ ಹುಡುಗ ನನ್ನದಕ್ಕಿಂತ ಸಣ್ಣ ಬೋರ್ಡ್‌ನಲ್ಲಿ ನಾನು ಕನಸಲ್ಲೂ ಮಾಡಲಾರದ ತಿರುವು ಹೊಡೆಯುತ್ತಿದ್ದ. "ಶನಿವಾರ ನೀರಿಗಿಳಿದ್ರಾ?" ಅಂತ ಕೇಳಿದೆ. "ಇಲ್ಲ, ಮಲಗಿದ್ದೆ" ಅಂದ. ಅವನಿಗೆ ಮೊದಲೇ ಗೊತ್ತಿತ್ತು, ಅಲ್ವಾ.

ಪಡುಗಾಳಿ ಏಳುವ ತನಕ ನೀರಲ್ಲೇ ಇದ್ದೆ. ಮೀಟಿಂಗ್‌ಗೆ ಕಾರಿನಲ್ಲೇ ಕೂತು ಸೇರಿದೆ, ಕ್ಯಾಮೆರಾ ಆಫ್.

ಅದಾದ ಮೇಲೆ ಚಾರ್ಟ್ ಓದುವ ಕ್ರಮ ಹೀಗೆ ನಿಂತಿದೆ. ಮೊದಲ ಆರೇಳು ದಿನದ ದೂರದ ಅಲೆಯನ್ನು ನಂಬುತ್ತೇನೆ. ಅದು ಆಗಲೇ ಹುಟ್ಟಿ ದಾರಿಯಲ್ಲಿರುತ್ತದೆ. ಅದರಾಚೆಗಿನ ವಾರದ ಅಲೆಗೆ ಬಿರುಗಾಳಿಯೇ ಇನ್ನೂ ಹುಟ್ಟಿಲ್ಲ, ಅದನ್ನು ನಂಬಿ ರಜೆ ಹಾಕುವುದಿಲ್ಲ. ಗಾಳಿಯ ಅಂಕಿಯನ್ನು ಎರಡು ದಿನಕ್ಕಿಂತ ಮುಂದೆ ನೋಡುವುದೇ ಇಲ್ಲ. ಮರಳಿನ ಸುದ್ದಿಗೆ ಊರಿನ ಹುಡುಗರಿಗೆ ಫೋನ್.

ಈಗ ಇದನ್ನು ಬರೆಯುವಾಗ ಮತ್ತೆ ಮೇ ಬಂದಿದೆ. ಈ ವಾರ 0.9 ಮೀಟರ್, 13 ಸೆಕೆಂಡ್, ಬೆಳಿಗ್ಗೆ ಮೂಡುಗಾಳಿ ಇದೆ. ಗುರುವಾರ, ಶುಕ್ರವಾರ ಬನ್ನಿ. ಮುಂದಿನ ವಾರ ನೈಋತ್ಯದ ಗಾಳಿ ದಿನವಿಡೀ ಬೀಸುವ ಲಕ್ಷಣ ಕಾಣುತ್ತಿದೆ, 8 ಸೆಕೆಂಡಿನ ಕಲಸು ಮೇಲೋಗರ. ಅದು ಹಿಡಿದರೆ ಮಳೆ ಮುಗಿಯುವ ತನಕ ಬಿಡುವುದಿಲ್ಲ. ಕಲಿಯಬೇಕು ಅನ್ನುವವರು ಅಕ್ಟೋಬರ್‌ಗೆ ಕಾಯಿರಿ, ಆಗ ಸೊಂಟದೆತ್ತರದ ಸಾಧು ಅಲೆ. ನನ್ನ ಹಳೆಯ ಒಂಬತ್ತಡಿ ಬೋರ್ಡ್ ಖಾಲಿ ಇದೆ, ಮೊದಲು ಕೇಳಿದವರಿಗೆ.